ಡೆಡ್ ಸ್ಟಾಕ್ ರಿಜಿಸ್ಟರಿನಿಂದ ಎದ್ದು ಬಂದದ್ದು

ಎಂಬತ್ತು–ತೊಂಬತ್ತರ ದಶಕದಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಕಲಿತವರನ್ನು ಕೇಳಿ ನೋಡಿ, ಅವರಿಗೆ ಮೊದಲು ನೆನಪಾಗುವುದು ಬಾಗಿಲ ಹೊರಗೆ ಬಿಟ್ಟ ಚಪ್ಪಲಿ. ಒಳಗೆ ಏಸಿ, ಮೂಲೆಯಲ್ಲಿ ಗುಂಯ್‌ಗುಡುವ ಸ್ಟೆಬಿಲೈಜರ್, ಒಂದೊಂದು ಯಂತ್ರಕ್ಕೆ ಮೂರು ಮೂರು ಮಂದಿ. ಒಬ್ಬ ಕೀ ಒತ್ತಿದರೆ ಇಬ್ಬರು ನೋಡುತ್ತ ಕೂರಬೇಕು. ಅಷ್ಟು ಮರ್ಯಾದೆಯಿಂದ ಬಾಳಿದ ಆ ಯಂತ್ರಗಳು ಹೊರಗೆ ಹೋದ ರೀತಿ ಬೇರೆ. ಮೊದಲು ಸ್ಟೋರ್ ರೂಮು, ಆಮೇಲೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ‘ಅನುಪಯುಕ್ತ’ ಎಂಬ ಷರಾ, ಕೊನೆಗೆ ಹರಾಜು. ಮುರಿದ ಬೆಂಚು, ಕೆಟ್ಟ ಫ್ಯಾನು, ಅವುಗಳ ಸಂಗಡ ಕಂಪ್ಯೂಟರು. ಎಲ್ಲಕ್ಕೂ ಕಿಲೋ ಲೆಕ್ಕ.

ಹೀಗೆ ಹರಾಜಾದ ಸಾಮಾನಿನ ಬೆನ್ನು ಹತ್ತಿ ಗುಜರಿ ಅಂಗಡಿ ತಿರುಗುವ ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಮನೆ ಮಾಡಿಕೊಂಡಿರುವವನಿಗೆ ಈ ಹುಚ್ಚು ಹತ್ತುವುದಕ್ಕೆ ಬೇಕಾದ ವಾತಾವರಣವೆಲ್ಲ ಇದೆ. ಇದೇ ರಸ್ತೆಯಲ್ಲಿ 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣ. ಊರೊಳಗೆ 1958ರಿಂದ ಇಂಜಿನಿಯರುಗಳನ್ನು ತಯಾರಿಸುತ್ತ ಬಂದ ಪಿ.ಡಿ.ಎ. ಕಾಲೇಜು. ಓದಿದವರೂ ಓದಿಸಿದವರೂ ಇರುವ ಊರಿನಲ್ಲಿ ಹಳೇ ಸಾಮಾನು ಹೊರಬೀಳುತ್ತಲೇ ಇರುತ್ತದೆ, ಕಣ್ಣಿಟ್ಟಿರಬೇಕು ಅಷ್ಟೆ. ಗುಜರಿ ಅಂಗಡಿಯವರಿಗೆ ನನ್ನ ಮುಖ ಪರಿಚಯವಾಗಿ ಬಹಳ ದಿನವಾಯಿತು. ಆದರೂ ಅವರ ಅನುಮಾನ ಹೋಗಿಲ್ಲ.

‘ಇದು ನಡೀತದೇನ್ರಿ ಸರ?’

‘ನಡಸ್ತೀನಿ.’

‘ನಡಸಿ ಏನ್ ಮಾಡ್ತೀರಿ?’

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಲು ಈ ಅಂಕಣದಷ್ಟು ಜಾಗ ಬೇಕು.

ಹಳೇ ಕಂಪ್ಯೂಟರ್ ಕೂಡಿಡುವ ಹವ್ಯಾಸದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಯೆಲ್ಲ ಸಾಮಾನ್ಯವಾಗಿ ಹಣದ್ದು. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ಕೈಯಾರೆ ರೂಪಿಸಿದ ಆ್ಯಪಲ್-1 ಒಟ್ಟು ತಯಾರಾದದ್ದೇ ಸುಮಾರು 200. 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಂಥದ್ದೊಂದಕ್ಕೆ ಹೆನ್ರಿ ಫೋರ್ಡ್ ಸಂಗ್ರಹಾಲಯ 9 ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟಿತು. ನನಗೆ ಅದಕ್ಕಿಂತ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನ ಕತೆ ಇಷ್ಟ. ಅಲ್ಲಿನ ಕಂಪ್ಯೂಟಿಂಗ್ ಸಂಗ್ರಹಾಲಯದ ಸ್ವಯಂಸೇವಕರು 1951ರ ಹಾರ್ವೆಲ್ ಡೆಕಟ್ರಾನ್ ಎಂಬ ಕೋಣೆಗಾತ್ರದ ಯಂತ್ರವನ್ನು ವರ್ಷಗಟ್ಟಲೆ ಕೂತು ಸರಿಪಡಿಸಿ 2012ರಲ್ಲಿ ಮತ್ತೆ ಲೆಕ್ಕ ಮಾಡಿಸಿದರು. ಕ್ಯಾಲಿಫೋರ್ನಿಯಾದಲ್ಲಿ ನಿವೃತ್ತ ಇಂಜಿನಿಯರುಗಳು ಐಬಿಎಂ 1401 ಯಂತ್ರಗಳಿಗೆ ಹೀಗೇ ಜೀವ ಕೊಟ್ಟಿದ್ದಾರೆ. ಅಲ್ಲಿ ಯಂತ್ರವೂ ಉಳಿದಿತ್ತು, ಅದನ್ನು ರಿಪೇರಿ ಮಾಡಿ ಗೊತ್ತಿದ್ದ ಮುದುಕರೂ ಉಳಿದಿದ್ದರು, ಸರ್ಕ್ಯೂಟ್ ನಕ್ಷೆಯೂ ಇತ್ತು.

ನಮ್ಮಲ್ಲಿ ಬಂದ ಯಂತ್ರಗಳೇ ಕಮ್ಮಿ. 1978ರಲ್ಲಿ ಐಬಿಎಂ ದೇಶ ಬಿಟ್ಟು ಹೋಯಿತು. ಎಚ್‌ಸಿಎಲ್, ಡಿಸಿಎಂನಂಥ ಕಂಪನಿಗಳು ಸ್ವಂತ ಯಂತ್ರ ಕಟ್ಟತೊಡಗಿದವು. ಎಂಬತ್ತರ ದಶಕದ ಆರಂಭಕ್ಕೆ ಬೆಂಗಳೂರಿನ ವಿಪ್ರೊ ಕೂಡ ಆ ಸಾಲಿಗೆ ಸೇರಿತು. 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂದು ಆಮದು ಸಡಿಲವಾಯಿತು. ಅದೇ ಹೊತ್ತಿಗೆ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಯೋಜನೆಯಡಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಬಂತು. 32 ಕಿಲೋಬೈಟ್ ಮೆಮೊರಿಯ ಆ ಯಂತ್ರ ನೋಡುವುದಕ್ಕೆ ದಪ್ಪ ಕೀಬೋರ್ಡಿನಂತಿತ್ತು. ಈಗ ನಮ್ಮ ಸಂಗ್ರಾಹಕರು ಬಾಯಿ ಬಿಡುವುದು ಅದಕ್ಕೆ. ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಕಡೆ ಧಾರಾಳವಾಗಿ ಬಂದು, ಸಾವಿರಾರು ಮಂದಿಯ ಕೈ ಪಳಗಿಸಿ, ಸದ್ದಿಲ್ಲದೆ ಗುಜರಿ ಸೇರಿದ ಕಂಪ್ಯೂಟರ್ ಇನ್ನೊಂದಿದೆ: 8085 ಮೈಕ್ರೊಪ್ರೊಸೆಸರ್ ಕಿಟ್. ಕರ್ನಾಟಕದ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗಾದರೂ ಇದು ಗೊತ್ತು. ಬೆಂಗಳೂರಿನ ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್, ಅಂದರೆ ಎಲ್ಲರ ಬಾಯಲ್ಲಿ ಇಎಸ್ಎ, ತಯಾರಿಸಿದ ಕಿಟ್ಟುಗಳು ಲ್ಯಾಬಿನಿಂದ ಲ್ಯಾಬಿಗೆ ಹಬ್ಬಿದ್ದವು. ಹಸಿರು ಬೋರ್ಡು, ಹದಿನಾರು ಅಂಕಿಗಳ ಕೀಪ್ಯಾಡು, ಕೆಂಪಗೆ ಹೊಳೆಯುವ ಆರು ಅಂಕಿಯ ಡಿಸ್‌ಪ್ಲೇ. ಎಡಗಡೆ ನಾಲ್ಕು ಅಂಕಿಯಲ್ಲಿ ವಿಳಾಸ, ಬಲಗಡೆ ಎರಡರಲ್ಲಿ ಡೇಟಾ. ಪರದೆ ಇಲ್ಲ, ಡಿಸ್ಕ್ ಇಲ್ಲ, ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. ಗುಜರಿಯವರ ಕಣ್ಣಿಗೆ ಇದು ಕಂಪ್ಯೂಟರೇ ಅಲ್ಲ, ಯಾವುದೋ ಮಷಿನ್ನಿನ ಒಳಗಿನ ಬೋರ್ಡು. ಹೀಗಾಗಿಯೇ ಇದು ಇನ್ನೂ ಕೈಗೆಟಕುವ ಬೆಲೆಗೆ ಸಿಗುತ್ತದೆ.

ಇಂಥದ್ದೊಂದು ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸಬಾರದು. ಅದರ ಪವರ್ ಸಪ್ಲೈಯನ್ನು ಬೇರೆ ಮಾಡಿ, ಬಲ್ಬೊಂದನ್ನು ಹೊರೆಯಾಗಿ ಕೊಟ್ಟು, ಮಲ್ಟಿಮೀಟರಿನಲ್ಲಿ 5 ವೋಲ್ಟ್ ನಿಂತಿದೆಯೇ ನೋಡಬೇಕು. 5 ಇರಬೇಕಾದಲ್ಲಿ 7 ಬಂದರೆ ನಲವತ್ತು ವರ್ಷ ಬಾಳಿದ ಚಿಪ್ಪುಗಳು ಕ್ಷಣದಲ್ಲಿ ಹೋಗುತ್ತವೆ. ಆಮೇಲೆ ಬ್ರಷ್ಷು. ಸೇಡಂ, ಮಳಖೇಡದ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯ ದೂಳು ಬೇರೆ ಊರಿನ ದೂಳಿನಂತಲ್ಲ, ಪಟ್ಟು ಹಿಡಿದು ಕೂರುತ್ತದೆ. ಸಾಕೆಟ್ಟಿನಿಂದ ಒಂದೊಂದೇ ಐಸಿ ಎತ್ತಿ, ಕಪ್ಪಗಾದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಬೇಕು. ಕಾಲು ತಿಕ್ಕುವಾಗ ಉಸಿರು ಬಿಗಿಹಿಡಿದಿರುತ್ತೇವೆ. ಒಂದು ಕಾಲು ಮುರಿದರೆ ಅದಕ್ಕೆ ತಂತಿಯ ಊರುಗೋಲು ಬೆಸೆಯುವ ಹೊತ್ತಿಗೆ ಸಂಜೆಯಾಗುತ್ತದೆ.

8085 ಚಿಪ್ಪಿಗೆ 40 ಕಾಲು. 40ನೆಯದಕ್ಕೆ 5 ವೋಲ್ಟ್, 20ನೆಯದು ಗ್ರೌಂಡ್, 37ನೆಯದರಲ್ಲಿ ಗಡಿಯಾರದ ಮಿಡಿತ. ಈ ಮೂರು ಕಡೆ ಸರಿಯಿದ್ದೂ ಡಿಸ್‌ಪ್ಲೇ ಸುಮ್ಮನಿದ್ದರೆ ಅನುಮಾನ ಈಪ್ರಾಮ್ ಮೇಲೆ. ಕಿಟ್ಟನ್ನು ಎಬ್ಬಿಸಿ ನಿಲ್ಲಿಸುವ ಮಾನಿಟರ್ ಪ್ರೋಗ್ರಾಮು ಇರುವುದು ಅದರಲ್ಲಿ. ಈಪ್ರಾಮಿನ ನೆತ್ತಿಗೆ ಒಂದು ಗಾಜಿನ ಕಿಟಕಿ, ಅದರ ಮೇಲೊಂದು ಸ್ಟಿಕರು. ನೇರಳಾತೀತ ಬೆಳಕು ಬಿದ್ದರೆ ಒಳಗಿನದು ಅಳಿಸಿಹೋಗುತ್ತದೆ, ಹೊಸದಾಗಿ ಬರೆಯಲು ಮಾಡಿದ ಅನುಕೂಲ ಅದು. ಸ್ಟಿಕರು ಉದುರಿ, ಬೋರ್ಡು ವರ್ಷಾನುಗಟ್ಟಲೆ ಕಿಟಕಿಯ ಪಕ್ಕ ಬಿಸಿಲಿಗೆ ಬಿದ್ದಿತ್ತೆಂದರೆ ಯಂತ್ರ ತನ್ನ ಹೆಸರನ್ನೂ ಮರೆತಿರುತ್ತದೆ. ಆಗ ಅದೇ ಮಾದರಿಯ ಇನ್ನೊಂದು ಕಿಟ್ ಇರುವವರನ್ನು ಹುಡುಕಿ, ಅವರ ಚಿಪ್ಪಿನಿಂದ ನಕಲು ಮಾಡಿಕೊಳ್ಳಬೇಕು. ಒಬ್ಬನೇ ಕೂತು ಮಾಡುವ ಹವ್ಯಾಸದಂತೆ ಕಾಣುವ ಇದರಲ್ಲಿ ಗೆಳೆತನಗಳು ಕುದುರುವುದು ಈ ಕಾರಣಕ್ಕೆ.

ಎಲ್ಲ ಕೂಡಿಬಂದು ಡಿಸ್‌ಪ್ಲೇಯಲ್ಲಿ ಕೆಂಪು ಗೆರೆ ಮೂಡಿದ ಮೇಲೆ ನಾನು ಮೊದಲು ಒತ್ತುವುದು ಲ್ಯಾಬಿನ ಮೊದಲ ಪಾಠವನ್ನೇ: 3ಇ 05, 06 03, 80, 32 00 85, 76. ಎ ರಿಜಿಸ್ಟರಿಗೆ ಐದು ಹಾಕು, ಬಿಗೆ ಮೂರು ಹಾಕು, ಕೂಡು, ಬಂದದ್ದನ್ನು 8500ನೇ ವಿಳಾಸದಲ್ಲಿ ಇಡು, ನಿಲ್ಲು. ಆಮೇಲೆ ರೀಸೆಟ್ ಒತ್ತಿ ಆ ವಿಳಾಸ ತೆರೆದರೆ 08. ಐದಕ್ಕೆ ಮೂರು ಕೂಡಿದರೆ ಎಂಟು ಎಂಬುದನ್ನು ತಿಳಿಯಲು ಒಂದು ತಿಂಗಳ ರಜೆಗಳನ್ನೆಲ್ಲ ಕಳೆದವನ ಮುಖದ ಮೇಲಿನ ನಗು ಮನೆಯವರಿಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸಲು ಹೋಗಬಾರದು.

ಆದರೂ ಸುಖ ಎಲ್ಲಿದೆ ಅಂತ ಹೇಳಬಹುದು. ಇಂಟೆಲ್ 1976ರಲ್ಲಿ ತಂದ ಈ ಚಿಪ್ಪಿನೊಳಗೆ ಸುಮಾರು 6,500 ಟ್ರಾನ್ಸಿಸ್ಟರುಗಳಿವೆ. ಇವತ್ತಿನ ಒಳ್ಳೆಯ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು. ಮೊಬೈಲ್ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಪೂರ್ತಿ ಹೇಳಬಲ್ಲ ಮನುಷ್ಯ ಇಲ್ಲ. ಕಿಟ್ಟಿನಲ್ಲಿ ಕೀ ಒತ್ತಿದ ಕ್ಷಣದಿಂದ ಕೆಂಪು ಅಂಕಿ ಮೂಡುವ ತನಕ ಏನೇನಾಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ನನ್ನ ಮಟ್ಟಿಗೆ ಇದು ಕಾಲೇಜು ದಿನಗಳ ನೆನಪಿಗಿಂತ ದೊಡ್ಡ ಆಕರ್ಷಣೆ.

ಪಿಸಿಗಳ ವಿಷಯ ಬೇರೆ, ಅಲ್ಲಿ ಗೋಳು ಜಾಸ್ತಿ. 286, 386 ಕಾಲದ ಮದರ್‌ಬೋರ್ಡು ಕೈಗೆ ಬಂತೆಂದರೆ ಮೊದಲು ಹುಡುಕಬೇಕಾದದ್ದು ನೀಲಿ ಪೀಪಾಯಿಯಂಥ ಒಂದು ಪುಟ್ಟ ಬ್ಯಾಟರಿ. ದಿನಾಂಕ, ಸಮಯ ನೆನಪಿಡಲು ಕೂರಿಸಿದ ನಿಕಲ್-ಕ್ಯಾಡ್ಮಿಯಂ ಸೆಲ್ ಅದು. ಉಪಯೋಗಿಸದೆ ಬಿಟ್ಟರೆ ಸೋರುತ್ತದೆ. ಸೋರಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು, ಸುತ್ತಲೂ ಹಸಿರು ಕಿಲುಬು ಕಟ್ಟಿಸುತ್ತದೆ. ವಿನೆಗರ್ ಹಚ್ಚಿದರೆ ಸಣ್ಣಗೆ ನೊರೆ ಬಂದು ಕ್ಷಾರ ಅಡಗುತ್ತದೆ. ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ತುಂಡಾದ ಗೆರೆಗಳಿಗೆ ಕೂದಲಿನಷ್ಟು ಸಣ್ಣ ತಂತಿ ಬೆಸೆಯುತ್ತ ಕೂರಬೇಕು. ಹತ್ತು ಗೆರೆ ಸರಿ ಮಾಡಿದ ಮೇಲೆ, ಹನ್ನೊಂದನೆಯದು ಸಾಕೆಟ್ಟಿನ ಕೆಳಗೆ ತುಂಡಾಗಿದೆ ಅಂತ ಗೊತ್ತಾಗುತ್ತದೆ. ಕಂಪ್ಯೂಟರನ್ನು ಸ್ಟೋರ್ ರೂಮಿಗೆ ಹಾಕುವ ಮುಂಚೆ ಯಾರಾದರೂ ಒಂದು ಕಟಿಂಗ್ ಪ್ಲೇಯರಿನಿಂದ ಆ ಬ್ಯಾಟರಿಯನ್ನು ಕತ್ತರಿಸಿ ಒಗೆದಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ.

ಇನ್ನು ಕಂಡೆನ್ಸರ್. ಕೆಪ್ಯಾಸಿಟರ್ ಅಂತ ಪುಸ್ತಕದಲ್ಲಿ ಬರೆದಿದ್ದರೂ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಯಾವತ್ತೂ ಕಂಡೆನ್ಸರ್. ಅದರೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧವಾಗುತ್ತದೆ ಎಂಬುದು ಇಂಜಿನಿಯರುಗಳ ಅಂದಾಜು. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಆರ್‌ಸಿಸಿ ಮಹಡಿಯ ಮೇಲಿನ ಕೋಣೆಯೊಳಗಿಟ್ಟ ಯಂತ್ರದ ಗತಿ ಏನು ಲೆಕ್ಕ ಹಾಕಿ. ಅದಕ್ಕೇ ನನ್ನ ಸಂಗ್ರಹದ ದೊಡ್ಡ ಪಾಲು ಕಮಲಾಪುರದಲ್ಲಿದೆ. ಹುಮನಾಬಾದ್ ದಾರಿಯಲ್ಲಿರುವ ಆ ಊರಿನಲ್ಲಿರುವ ಅತ್ತೆಯ ಹಳೇ ಮನೆಯ ಗೋಡೆಗಳು ದಪ್ಪ, ಹಗಲೂ ತಂಪು. ಮಾನಿಟರುಗಳನ್ನು ಒಂದೊಂದಾಗಿ ಒಳಗೆ ಸಾಗಿಸುವಾಗ ಅತ್ತೆ ಮಗಳನ್ನು ಕೇಳಿದ್ದರಂತೆ: ‘ಅಳಿಯಂದ್ರು ಟೀವಿ ರಿಪೇರಿ ಅಂಗಡಿ ಇಡಾವ್ರಿದ್ದಾರೇನವ್ವಾ?’ ಹೋಗುವಾಗ ಮಾನಿಟರು, ಬರುವಾಗ ಅಲ್ಲಿನ ಕೆಂಪು ಬಾಳೆಹಣ್ಣು. ಈ ವ್ಯವಹಾರದಲ್ಲಿ ನನಗೇ ಲಾಭ.

ಅತ್ತೆಯವರು ಹೇಳಿದ ಟೀವಿ ರಿಪೇರಿ ಸುಮ್ಮನೆ ಬಂದ ಮಾತಲ್ಲ. ಈ ಭಾಗದಲ್ಲಿ ಹಳೇ ಕಂಪ್ಯೂಟರಿಗೆ ಜೀವ ಬರುವುದಾದರೆ ಅದು ಟೀವಿ ಮೆಕ್ಯಾನಿಕ್ಕುಗಳ ಕೈಯಿಂದ. ದೇಶದ ಎಷ್ಟೋ ದೊಡ್ಡ ಊರುಗಳಿಗಿಂತ ಮೊದಲು ಗುಲಬರ್ಗಾ ಜಿಲ್ಲೆಯ ಹಳ್ಳಿಗಳು ಟೀವಿ ನೋಡಿದವು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ನಡೆದ ‘ಸೈಟ್’ ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿ ಗೂಡಿಗೆ ಹೊದಿಸುವ ಜಾಲರಿಯಂಥದ್ದರಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಟೀವಿ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರವೂ ಬಂತು. ಟೀವಿ ಬಂದಲ್ಲಿ ಟೀವಿ ಕೆಡುವುದೂ ಇದ್ದದ್ದೇ, ರಿಪೇರಿ ಕಲಿತವರೂ ಹುಟ್ಟಿಕೊಂಡರು.

ಹಳೇ ಮಾನಿಟರ್ ಬಿಚ್ಚಲು ನನಗೆ ಈಗಲೂ ಧೈರ್ಯವಿಲ್ಲ. ಕಲರ್ ಪಿಕ್ಚರ್ ಟ್ಯೂಬಿಗೆ 20ರಿಂದ 25 ಸಾವಿರ ವೋಲ್ಟ್ ಬೇಕು. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನೊಳಗೆ ಕಾದು ಕೂತಿರುತ್ತದೆ. ನಾನು ಹೋಗುವ ಮೆಕ್ಯಾನಿಕ್ಕಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸ್ಕ್ರೂಡ್ರೈವರಿಗೆ ಗ್ರೌಂಡ್ ವೈರ್ ಸುತ್ತಿ ಟ್ಯೂಬಿನ ರಬ್ಬರ್ ಟೋಪಿಯ ಅಡಿ ತೂರಿಸಿ ‘ಚಟ್’ ಅನ್ನಿಸುತ್ತಾರೆ, ಆಮೇಲೆ ಕನ್ನಡಕ ಹಣೆಗೇರಿಸಿ ಬೋರ್ಡನ್ನು ಓರೆ ಬೆಳಕಿಗೆ ಹಿಡಿಯುತ್ತಾರೆ. ‘ಇಲ್ಲಿ ನೋಡ್ರಿ, ಡ್ರೈ ಸೋಲ್ಡರ್ ಆಗ್ಯಾದ.’ ನನಗೆ ಭೂತಗನ್ನಡಿ ಹಿಡಿದರೂ ಕಾಣದ ಉಂಗುರದಂಥ ಬಿರುಕು. ಕಂಪ್ಯೂಟರ್ ಎಂದರೇನು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅವರಿಗೆ ಕಂಡಿಲ್ಲ. ಎಲ್ಇಡಿ ಟೀವಿ ಬಂದ ಮೇಲೆ ಇಂಥವರ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ಕೆಟ್ಟ ಬೋರ್ಡನ್ನು ಪೂರ್ತಿ ಬದಲಿಸುವುದು ಈಗಿನ ರಿಪೇರಿ. ಯಂತ್ರಗಳಿಗಿಂತ ಬೇಗ ಈ ಕೈಗಳು ಕಣ್ಮರೆಯಾಗುತ್ತಿವೆ. ನನ್ನ ಹವ್ಯಾಸದಲ್ಲಿ ನಿಜವಾಗಿ ಹೆದರಿಕೆ ಹುಟ್ಟಿಸುವ ಸಂಗತಿ ಇದು.

ಬಿಡಿಭಾಗಕ್ಕೆ ಊರು ಬಿಡಲೇಬೇಕು. ಒಂದೋ ಬೆಂಗಳೂರಿನ ಎಸ್.ಪಿ. ರಸ್ತೆ, ಇಲ್ಲವೇ ಹೈದರಾಬಾದ್. ಕಲಬುರಗಿಯವರಿಗೆ ಹೈದರಾಬಾದೇ ಹತ್ತಿರ. ಸೇಡಂ ರಸ್ತೆ ಹಿಡಿದರೂ ಮುಟ್ಟಬಹುದು, ಕಮಲಾಪುರದ ದಾರಿ ಹಿಡಿದರೂ ಮುಟ್ಟಬಹುದು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಐಸಿ, ಕಂಡೆನ್ಸರು. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಲ್ಲಿ ಹಳೇ ಪಿಸಿ ಸಾಮಾನು. ಆನ್‌ಲೈನಿನಲ್ಲಿ ಎಲ್ಲ ಸಿಗುತ್ತದೆ ಅನ್ನುವವರು ಚಿಪ್ಪಿನ ಮೇಲಿನ ಅಕ್ಷರವನ್ನು ಅಸಿಟೋನಿನಿಂದ ಒರೆಸಿ ನೋಡಿಲ್ಲ. ಹಳೇ ಚಿಪ್ಪಿನ ನೆತ್ತಿ ಉಜ್ಜಿ, ಬೇರೆ ನಂಬರು ಅಚ್ಚು ಹಾಕಿ ಮಾರುವ ದಂಧೆ ಜಗತ್ತಿನಾದ್ಯಂತ ಇದೆ.

ಹಳದಿಗಟ್ಟಿದ ಕ್ಯಾಬಿನೆಟ್ಟನ್ನು ಬೆಳ್ಳಗೆ ಮಾಡುವ ಶೋಕಿಯೂ ಒಂದುಂಟು. ಬೆಂಕಿ ತಾಗದಿರಲಿ ಅಂತ ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳು ಬೆಳಕಿಗೆ ಸಿಕ್ಕಿ ಬಣ್ಣ ಕೆಡುತ್ತದೆ ಅನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬಿಳುಪಾಗುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಆದರೆ ಅತಿಯಾದರೆ ಬಳಿದದ್ದು ಒಣಗಿ ಪಟ್ಟೆ ಪಟ್ಟೆಯಾಗುತ್ತದೆ, ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ. ಕೆಲವು ವರ್ಷಕ್ಕೆ ಹಳದಿ ವಾಪಸು ಬರುವುದೂ ಉಂಟು. ನಾನು ಕೈಬಿಟ್ಟಿದ್ದೇನೆ. ವಯಸ್ಸಾದ ಯಂತ್ರ ವಯಸ್ಸಾದಂತೆ ಕಾಣಲಿ.

‘ನಡಸಿ ಏನ್ ಮಾಡ್ತೀರಿ’ ಎಂಬ ಪ್ರಶ್ನೆಗೆ ನನ್ನ ಹತ್ತಿರ ಇರುವ ಗಟ್ಟಿ ಉತ್ತರ ಫ್ಲಾಪಿಗಳದ್ದು. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಗಳ ಮುದ್ರಣಾಲಯಗಳು, ಪತ್ರಿಕೆಗಳು, ಲೇಖಕರು ಕಂಪ್ಯೂಟರಿಗೆ ಬಂದರು. ಕೆ.ಪಿ. ರಾವ್ ಅವರಂಥವರು ಕನ್ನಡವನ್ನು ಕಂಪ್ಯೂಟರಿಗೆ ತರಲು ದುಡಿದಿದ್ದರು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಆಮೇಲೆ ಶ್ರೀಲಿಪಿ, ಬರಹ, ನುಡಿ ಬಂದವು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಈ ಬರವಣಿಗೆಯೆಲ್ಲ ತಂತಮ್ಮ ಸಂಕೇತಗಳಲ್ಲಿ, ಬಹುಪಾಲು ಫ್ಲಾಪಿಗಳಲ್ಲಿ ಉಳಿಯಿತು. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರುವುದನ್ನೇ ನಿಲ್ಲಿಸಿತು. ಕರಾವಳಿಯಲ್ಲಾದರೆ ಬೂಷ್ಟು ಹಿಡಿಯುತ್ತಿತ್ತು. ನಮ್ಮ ಒಣಹವೆಯಲ್ಲಿ ಅವು ಚೆನ್ನಾಗಿ ಉಳಿದಿವೆ, ಓದುವ ಡ್ರೈವ್ ಇಲ್ಲ ಅಷ್ಟೆ. ಪರಿಚಿತರೊಬ್ಬರ ತಂದೆಯ ಜಾನಪದ ಸಂಗ್ರಹದ ಹಸ್ತಪ್ರತಿ ಹೀಗೆ ಡಬ್ಬಿಯೊಳಗಿತ್ತು. ಹಳೇ 486ರಲ್ಲಿ ಡ್ರೈವಿನ ಹೆಡ್ ಒರೆಸಿ, ಕೆಟ್ಟ ಸೆಕ್ಟರುಗಳನ್ನು ಮತ್ತೆ ಮತ್ತೆ ಓದಿಸಿ, ಅಕ್ಷರ ಪರಿವರ್ತಿಸಿ ಹೊರತೆಗೆದೆವು. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು, ಹಾಡುಗಳು ಸಿಕ್ಕವು. ಗುಜರಿ ಅಂಗಡಿಯವರಿಗೆ ಇದನ್ನು ಹೇಳಿದಾಗ ಮೊದಲ ಸಲ ತಲೆಯಾಡಿಸಿದರು.

ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಸಂಸ್ಥೆಗಳು ಹಳೇ ಕಂಪ್ಯೂಟರುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು. ಒಳ್ಳೆಯದೇ. ಬೆಸುಗೆಯಲ್ಲಿ, ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಗುಂಜಿ ಚಿನ್ನಕ್ಕಾಗಿ ಬೋರ್ಡು ಸುಡುವವರ ಹೊಗೆ ಯಾರಿಗೂ ಬೇಡ. ನಮ್ಮಂಥವರ ಆಸೆಗೆ ಆ ನಿಯಮ ಸಡಿಲಿಸಿ ಅಂತ ನಾನು ಕೇಳುವುದಿಲ್ಲ.

ಕೇಳುವುದು ಇಷ್ಟು. ಲ್ಯಾಬ್ ಇನ್‌ಸ್ಟ್ರಕ್ಟರುಗಳೇ, ನಿಮ್ಮ ಸ್ಟೋರ್ ರೂಮಿನಲ್ಲಿ 8085 ಕಿಟ್ಟುಗಳ ರಾಶಿಯಿದ್ದರೆ ವಿಲೇವಾರಿ ಪಟ್ಟಿಯಿಂದ ಒಂದನ್ನು ಹೊರಗಿಡಿ. ನಡೆಯುವುದೇ ಆಗಬೇಕಿಲ್ಲ. ಬೋರ್ಡಿನ ಮೇಲೆ ಬ್ಯಾಟರಿ ಇದ್ದರೆ ಕತ್ತರಿಸಿ ತೆಗೆಯಿರಿ, ಈಪ್ರಾಮಿನ ಕಿಟಕಿಗೆ ಒಂದು ಸ್ಟಿಕರ್ ಅಂಟಿಸಿ, ಗಾಜಿನ ಕಪಾಟಿನಲ್ಲಿಡಿ. ಅದಕ್ಕೂ ಜಾಗವಿಲ್ಲವೆಂದರೆ ಕಿಟ್ ಹೋಗಲಿ, ಅದರ ಮ್ಯಾನ್ಯುಯಲ್ಲನ್ನು ಮಾತ್ರ ಸ್ಕ್ಯಾನ್ ಮಾಡಿಸಿ ಗ್ರಂಥಾಲಯಕ್ಕೆ ಕೊಡಿ. ಚಿಪ್ಪು ಹೈದರಾಬಾದಿನಲ್ಲಿ ಇವತ್ತಿಗೂ ಸಿಗುತ್ತದೆ, ಮ್ಯಾನ್ಯುಯಲ್ ಎಲ್ಲೂ ಸಿಗುವುದಿಲ್ಲ.